ರೊಕ್ಕ ಕೊಟ್ಟರೆ ಹತ್ತದ ಬಳ್ಳಿ

ನರ್ಸರಿಗೆ ಹೋದೆವು, ಗಿಡ ಕೊಂಡೆವು, ಮನೆಗೆ ಬಂದೆವು ಎಂಬಷ್ಟು ಸರಳವಾದ ಪ್ರಸಂಗ ನಮ್ಮ ಮನೆಯಲ್ಲಿ ಇದುವರೆಗೆ ನಡೆದಿಲ್ಲ. ಗಿಡದ ಬೇರಿಗೆ ಮಣ್ಣು ಅಂಟಿಕೊಂಡು ಬರುವ ಹಾಗೆ ಏನಾದರೊಂದು ಫಜೀತಿ ಅಂಟಿಕೊಂಡೇ ಬರುತ್ತದೆ. ಎಷ್ಟೋ ಸಲ ಗಿಡ ಒಣಗಿ ಹೋಗುತ್ತದೆ, ಫಜೀತಿ ಮಾತ್ರ ವರ್ಷಗಟ್ಟಲೆ ಹಸಿರಾಗಿರುತ್ತದೆ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಗೋಕಾಕ, ಮೂಡಲಗಿ, ಹುಕ್ಕೇರಿಯ ತಕ್ಕಡಿಗಳೆಲ್ಲ ನನ್ನ ಮುಖ ಬಲ್ಲವು. ಓದಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಅಲ್ಲಿ ಪಕ್ಕದವನ ರಬ್ಬರ್ ಮುಟ್ಟುವುದಕ್ಕೂ ಅನುಮತಿ ಕೇಳಬೇಕಿತ್ತು. ಆ ಅಭ್ಯಾಸ ಹೋಗಲಿಲ್ಲ. ಸೇವೆಯಲ್ಲಿದ್ದಷ್ಟು ಕಾಲ ಯಾವ ಅಂಗಡಿಯಲ್ಲೂ ಪುಕ್ಕಟೆ ಚಹಾ ಕುಡಿದವನಲ್ಲ. ಇದರ ಶಿಕ್ಷೆ ಅನುಭವಿಸಿದವಳು ನನ್ನ ಹೆಂಡತಿ. ಸಂತೆಯಲ್ಲಿ ಎಲ್ಲರ ಚೀಲಕ್ಕೂ ನಾಲ್ಕು ಕಡ್ಡಿ ಕೊತ್ತಂಬರಿ ಕೊಸರು ಹಾಕುವ ಕಾಯಿಪಲ್ಯದವಳು, ಇವಳ ಚೀಲದ ಬಾಯಿಗೆ ಬಂದಾಗ "ಬ್ಯಾಡವಾ, ಸಾಹೇಬ್ರು ಬೈತಾರ" ಎಂದು ಕೈ ಹಿಂದಕ್ಕೆ ತೆಗೆಯುತ್ತಿದ್ದಳು.

ಈ ವರ್ಷ ಸಂಕ್ರಾಂತಿ ಮುಗಿದು ಚಳಿ ಇಳಿಯತೊಡಗಿದಾಗ ಹೆಂಡತಿ ಮುಂಬಾಗಿಲ ಮೇಲೆ ಹಬ್ಬಿಸಲು ಒಂದು ಮನಿಪ್ಲಾಂಟ್ ಬಳ್ಳಿ ಬೇಕು ಎಂದಳು. ಅಷ್ಟೇ ಹೇಳಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ. ಬಾಜೂ ಮನೆಯ ಕಾಕು ಕಾಂಪೌಂಡಿನ ಆ ಕಡೆಯಿಂದ ಮಾತು ಕೂಡಿಸಿದರು.

"ರೊಕ್ಕ ಕೊಟ್ಟು ತಂದ ಬಳ್ಳಿ ಹತ್ತೂದಿಲ್ಲವಾ, ಬೇರ ಬಿಡೂದಿಲ್ಲ. ಅದನ್ನ ಯಾರ ಮನಿಯಿಂದಾರ ತುಡುಗು ಮಾಡಿ ತಂದು ಹಚ್ಚಬೇಕು."

ನಾನು ಪೇಪರ್ ಮಡಚಿ ಕೆಳಗಿಟ್ಟೆ. ಕದ್ದ ಒಂದು ಎಲೆಯೂ ಈ ಮನೆಯ ಹೊಸ್ತಿಲು ದಾಟಕೂಡದು ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿದೆ. ಹೆಂಡತಿ ವಾದಕ್ಕೆ ಇಳಿಯಲಿಲ್ಲ. ಶರತ್ತು ಹಾಕಿದಳು.

"ಆತ್ರಿ, ಖರೀದಿ ಮಾಡೇ ತರ್ರಿ. ಯುಗಾದಿಯೊಳಗ ಅದು ಹೊಸ ಎಲಿ ಬಿಡಲಿಲ್ಲ ಅಂದ್ರ, ನೀವ ನಿಮ್ಮ ಕೈಯಿಂದ ತುಡುಗು ಮಾಡಿ ತರಬೇಕು."

ಕಾಕು ಸಾಕ್ಷಿಯಾದರು. ನಾನು ನಿಶ್ಚಿಂತೆಯಿಂದ ಒಪ್ಪಿಕೊಂಡೆ. ಗಿಡಕ್ಕೆ ಖರೀದಿಯಾದರೇನು ಕಳವಾದರೇನು, ಅದಕ್ಕೇನು ಗೊತ್ತು ಎಂಬುದು ನನ್ನ ಧೈರ್ಯವಾಗಿತ್ತು.

ಗೋಕಾಕ: ಹದಿಮೂರನೆಯ ತಿಂಗಳು

ಮೊದಲು ಹೋದದ್ದು ನಮ್ಮ ಊರಿನದೇ ನರ್ಸರಿಗೆ. ಮಾಲಕ ಬಹಳ ಒಳ್ಳೆಯವನು. ಯಾವ ಪ್ರಶ್ನೆಗೂ ಇಲ್ಲ ಎನ್ನುವುದಿಲ್ಲ, ಯಾವ ಉತ್ತರಕ್ಕೂ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ಒಂದು ನಿಂಬೆ ಗಿಡ ತೋರಿಸಿ, ಇದು ವರ್ಷದ ಹನ್ನೆರಡೂ ತಿಂಗಳು ಕಾಯಿ ಬಿಡುತ್ತದೆ ಎಂದ. ಹೋದ ವರ್ಷ ಇದೇ ಮಾತು ಕೇಳಿ ಇಲ್ಲಿಂದಲೇ ಒಯ್ದ ನಿಂಬೆ ಒಂದು ಹೂವನ್ನೂ ಬಿಟ್ಟಿಲ್ಲ ಎಂದು ನಾನು ನೆನಪಿಸಿದೆ. ಅವನು ಸ್ವಲ್ಪವೂ ಅಲುಗಲಿಲ್ಲ. ನಡುವೆ ಅಧಿಕ ಮಾಸ ಬಂದಿದ್ದರೆ ಗಿಡದ ಲೆಕ್ಕ ತಪ್ಪುತ್ತದೆ, ಹನ್ನೆರಡು ತಿಂಗಳಿಗೆ ತಾನು ಜವಾಬ್ದಾರ, ಹದಿಮೂರನೆಯದಕ್ಕೆ ಅಲ್ಲ ಎಂದ.

ಮನಿಪ್ಲಾಂಟ್ ಕೇಳಿದ ಕೂಡಲೆ ದನಿ ತಗ್ಗಿಸಿದ. "ಸಾಹೇಬ್ರ, ನಾ ಆ ಕಡೆ ನೀರು ಬಿಡಾಕ ಹೋಗತೇನಿ. ಕತ್ರಿ ಅಲ್ಲೇ ಐತಿ. ನಿಮ್ಮ ಕೆಲಸ ಮುಗಿಸಿಕೊಳ್ರಿ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಗಿರಾಕಿಗಳು ಬಳ್ಳಿಯನ್ನು ಕದಿಯುತ್ತಾರೆ, ಇವನು ಬೆನ್ನು ತಿರುಗಿಸುತ್ತಾನೆ, ಆಮೇಲೆ ಅದನ್ನು ಹಚ್ಚಲು ಕುಂಡವನ್ನು ಮಾತ್ರ ಕೊಂಡು ಹೋಗುತ್ತಾರೆ. ಇದೇ ಇಲ್ಲಿಯ ಪದ್ಧತಿ. ಕುಂಡವನ್ನೂ ಕದ್ದರೆ ಎಂದು ಕೇಳಿದೆ. ಅದು ಅನ್ಯಾಯ ಆಗತೈತಲ್ರಿ ಎಂದು ನೊಂದುಕೊಂಡ.

ನಾನು ಬಳ್ಳಿಗೇ ಬೆಲೆ ಕೊಟ್ಟೆ, ರಸೀದಿಯನ್ನೂ ಕೇಳಿದೆ. ಅವನ ಹತ್ತಿರ ರಸೀದಿ ಪುಸ್ತಕ ಇರಲಿಲ್ಲ. ಯಾರದೋ ಲಗ್ನಪತ್ರಿಕೆ ಹರಿದು, ಅದರ ಹಿಂದೆ ನಿಧಾನಕ್ಕೆ ಬರೆದು, ಸಹಿ ಹಾಕಿ ಕೊಟ್ಟ: "ಬಳ್ಳಿ ಮಾರೇನಿ. ಬ್ಯಾಡ ಅಂದೆ, ಸಾಹೇಬರು ಕೇಳಲಿಲ್ಲ."

ಮೂಡಲಗಿ: ಕೊಸರಿನ ಜಗಳ

ಆ ಬಳ್ಳಿ ಮೊದಲು ಹಳದಿಯಾಯಿತು, ಆಮೇಲೆ ಕಂದಾಯಿತು. ಹೆಂಡತಿ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ನನ್ನ ಕಡೆ ನೋಡುತ್ತಿದ್ದಳು, ಅಷ್ಟೇ. ಬೇರೆ ಮಣ್ಣಿನ ಬಳ್ಳಿ ತಂದರೆ ಸರಿಹೋಗುತ್ತದೆ ಎಂದು ಬಸ್ಸು ಹತ್ತಿ ಮೂಡಲಗಿಗೆ ಹೋದೆವು.

ಅಲ್ಲಿಯ ನರ್ಸರಿ ನಡೆಸುವವರು ಒಬ್ಬ ಗಟ್ಟಿ ಹೆಣ್ಣುಮಗಳು. ಒಂದು ಮನಿಪ್ಲಾಂಟ್, ಹೆಂಡತಿಗೊಂದು ಮಲ್ಲಿಗೆ ತೆಗೆದುಕೊಂಡೆ. ರೊಕ್ಕ ಎಣಿಸಿಕೊಂಡ ಮೇಲೆ ಆಕೆ ಬಾಗಿ ಒಂದು ಅಬ್ಬಲಿ, ಅಂದರೆ ಕನಕಾಂಬರದ, ಸಸಿ ಎತ್ತಿ ನಮ್ಮ ಚೀಲಕ್ಕೆ ಹಾಕಿದರು. ನಾನು ತೆಗೆದು ಹೊರಗಿಟ್ಟೆ. ಆಕೆ ಮತ್ತೆ ಹಾಕಿದರು. ನಾನು ಮತ್ತೆ ತೆಗೆದೆ.

"ಯಾಕ್ರಿ? ನನ್ನ ಕೈಗುಣ ಕೆಟ್ಟೈತೇನು? ನಾ ಕೊಟ್ಟ ಕೊಸರು ಇವತ್ತಿನ ತನಕ ಯಾರೂ ತಿರುಗಿ ಇಟ್ಟಿಲ್ಲ."

ಕೈಗುಣದ ಬಗ್ಗೆ ನನಗೆ ದೂರಿಲ್ಲ, ಅಬ್ಬಲಿಯ ಬೆಲೆ ಹೇಳಿದರೆ ಕೊಟ್ಟು ಒಯ್ಯುತ್ತೇನೆ ಎಂದೆ. ಕೊಸರಿಗೆ ಎಲ್ಲಿಯ ಬೆಲೆ ಎಂದು ಆಕೆ ಸೊಂಟದ ಮೇಲೆ ಕೈ ಇಟ್ಟರು. ನಾನು ಬೆಲೆ ಏರಿಸಿರಿ ಎನ್ನುವುದು, ಆಕೆ ಇಲ್ಲ ಎನ್ನುವುದು. ತೆಂಗಿನ ಸಸಿ ಒಯ್ಯಲು ಬೈಕಿನ ಮೇಲೆ ಬಂದಿದ್ದ ರೈತನೊಬ್ಬ ಈ ಚೌಕಾಸಿಯನ್ನು ಬಾಯಿ ತೆರೆದು ನೋಡುತ್ತಿದ್ದ. ಕಡೆಗೆ, ತನ್ನ ಖರೀದಿಗೆ ಎಂದೂ ಇಂಥ ಸಾಹೇಬರನ್ನು ಕರೆದುಕೊಂಡು ಬರಬಾರದು ಎಂದು ಗಟ್ಟಿಯಾಗಿಯೇ ನಿಶ್ಚಯ ಮಾಡಿಕೊಂಡ.

ಕೊನೆಗೆ ಆಕೆಯೇ ದಾರಿ ಕಂಡುಹಿಡಿದರು. ಮಲ್ಲಿಗೆಯ ಬೆಲೆಯಲ್ಲಿ ಸ್ವಲ್ಪ ಇಳಿಸಿ, ಇಳಿಸಿದಷ್ಟನ್ನೇ ಅಬ್ಬಲಿಗೆ ಹಚ್ಚಿದರು. ಒಟ್ಟು ಮೊತ್ತ ಮೊದಲಿನಷ್ಟೇ. ನಾನು ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಲೆಕ್ಕ ಸರಿಯಾಗಿತ್ತು, ತತ್ವವೂ ಉಳಿದಿತ್ತು. ಸಮಾಧಾನದಿಂದ ಚೀಲ ಎತ್ತಿಕೊಂಡು ಬಸ್ಸು ಹಿಡಿದೆ.

ಬಸ್ಸು ಕಲ್ಲೋಳಿ ದಾಟಿದ ಮೇಲೆ ಚೀಲದೊಳಗೆ ಇಣುಕಿದೆ. ಅಬ್ಬಲಿ ಸಸಿಗಳು ಎರಡಿದ್ದವು. ನಾನು ಬಸ್ಸು ನಿಲ್ಲಿಸಲು ಹೇಳಿದೆ. ಕಾರಣ ಕೇಳಿದ ಕಂಡಕ್ಟರ್ ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿ, "ಅಕ್ಕಾರ, ಇವರನ್ನ ಕಿಡಕಿ ಕಡೆ ಕೂಡಿಸ್ರಿ, ಗಾಳಿ ಬರಲಿ" ಎಂದ.

ಹುಕ್ಕೇರಿ: ಸಂದರ್ಶನ

ಮೂಡಲಗಿಯ ಬಳ್ಳಿಯೂ ಹೋಯಿತು. ಕೊಸರಿನ ಅಬ್ಬಲಿ ಮಾತ್ರ ಮೊಗ್ಗು ಬಿಟ್ಟಿತು. ಕಾಕು ಅದನ್ನು ದಿನಕ್ಕೆರಡು ಸಲ ಬಂದು ನೋಡಿ, ನನಗೆ ಕೇಳುವಷ್ಟು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಯುಗಾದಿಗೆ ಇನ್ನು ತಿಂಗಳಷ್ಟೇ ಉಳಿದಿತ್ತು. ಹುಕ್ಕೇರಿಯಿಂದ ಆಚೆ, ನಿಡಸೋಸಿಯ ದಾರಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರ ನರ್ಸರಿ ಇದೆ ಎಂದು ಕೇಳಿ ಅಲ್ಲಿಗೆ ಹೋದೆವು. ಬಹಳ ಶಿಸ್ತಿನ ನರ್ಸರಿ. ಗಿಡಗಳನ್ನು ಎತ್ತರದ ಪ್ರಕಾರ ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಸಾಲು ಹಚ್ಚಿದ್ದರು. ನನಗೆ ಒಮ್ಮೆಲೆ ಆತ್ಮೀಯತೆ ಹುಟ್ಟಿತು. ಅವರಿಗೆ ಹುಟ್ಟಲಿಲ್ಲ.

ಮಾಸ್ತರರು ಸಂದರ್ಶನ ಮಾಡದೆ ಯಾರಿಗೂ ಗಿಡ ಕೊಡುವುದಿಲ್ಲವಂತೆ. ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿದರು. ಹೆಂಡತಿ ಹಿಂದಿನ ಹಸಿರು ಬಲೆಯ ನೆರಳಿನಲ್ಲಿ ಗಿಡ ನೋಡುತ್ತ ಅಡ್ಡಾಡುತ್ತಿದ್ದಳು. ಮನೆಯ ಬಾಗಿಲು ಯಾವ ದಿಕ್ಕಿಗೆ, ಬಿಸಿಲು ಎಷ್ಟು ಹೊತ್ತು ಎಂದು ಕೇಳಿದರು, ಸರಿಯಾಗಿ ಹೇಳಿದೆ. ನೀರು ಹೇಗೆ ಹಾಕುತ್ತೀರಿ ಎಂದರು. ದಿನಾ ಬೆಳಿಗ್ಗೆ ಆರು ಗಂಟೆಗೆ, ಅರ್ಧ ಲೀಟರ್, ಅಳತೆಯ ಡಬ್ಬಿಯಿಂದ ಎಂದೆ. ಈ ಉತ್ತರಕ್ಕೆ ಪೂರ್ತಿ ಅಂಕ ಬರುವುದೆಂದು ನನ್ನ ನಿರೀಕ್ಷೆ.

"ಮಳಿ ಬಂದ ದಿನ?"

ಆಗಲೂ ಅಷ್ಟೇ ಎಂದೆ. ನಿಯಮ ಅಂದರೆ ನಿಯಮ.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೆಂಡತಿಯನ್ನು ಕರೆದರು. ಅವಳು ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಅವಳಿಗೆ ಅದೇ ಪ್ರಶ್ನೆ. "ಮಣ್ಣು ಮುಟ್ಟಿ ನೋಡಿ, ಒಣಗಿದ್ರ ಹಾಕತೇನ್ರಿ" ಎಂದಳು. ಮಾಸ್ತರರ ಮುಖ ಅರಳಿತು. ಬಳ್ಳಿಯ ಬೆಲೆ ನನ್ನಿಂದ ತೆಗೆದುಕೊಂಡು ಕುಂಡವನ್ನು ನನ್ನ ಕೈಗೆ ಕೊಟ್ಟರು.

"ಸಾಹೇಬ್ರ, ನೀವು ನಪಾಸ. ಗಿಡ ಅಕ್ಕಾರಿಗೆ ಕೊಟ್ಟೇನಿ. ನೀವು ಬರೇ ಹೊತ್ಕೊಂಡು ನಡೀರಿ."

ಯುಗಾದಿಯ ವಿಜಯ

ಹುಕ್ಕೇರಿಯ ಬಳ್ಳಿ ಹತ್ತಿತು. ಬರೀ ಹತ್ತಲಿಲ್ಲ, ಯುಗಾದಿಯ ಹೊತ್ತಿಗೆ ಅಂಗೈಯಗಲದ ಹೊಸ ಎಲೆ ಬಿಟ್ಟು ಬಾಗಿಲ ಚೌಕಟ್ಟಿಗೆ ಕೈ ಚಾಚಿತು. ಹಬ್ಬದ ದಿನ ಬೇವು ಬೆಲ್ಲ ಕೊಡಲು ಬಂದ ಕಾಕುವನ್ನು ನಿಲ್ಲಿಸಿ, ಪ್ರಾಮಾಣಿಕತೆಯಿಂದ ಬಂದದ್ದು ಹೇಗೆ ಚಿಗುರುತ್ತದೆ ನೋಡಿರಿ ಎಂದು ಸಣ್ಣ ಭಾಷಣ ಮಾಡಿದೆ. ಕಾಕು ನನ್ನ ಹೆಂಡತಿಯ ಕಡೆ ನೋಡಿದರು. ಇಬ್ಬರೂ ನೆಲ ನೋಡಿದರು. ಸೋತವರು ನೋಡುವುದೇ ಹಾಗೆ ಎಂದುಕೊಂಡೆ.

ಬೇಕಾದವರಿಗೆ ಒಂದೊಂದು ತುಂಡು ಕೊಡುತ್ತೇನೆ ಎಂದು ಓಣಿಗೆಲ್ಲ ಹೇಳಿದೆ. ಯಾರೂ ಬರಲಿಲ್ಲ. ಆದರೆ ಬಳ್ಳಿ ದಿನದಿನಕ್ಕೆ ಗಿಡ್ಡವಾಗತೊಡಗಿತು. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಕಾಕು ಕತ್ತರಿ ಹಿಡಿದು ನಿಂತಿದ್ದಾರೆ. ಕೇಳಿದ್ದರೆ ನಾನೇ ಕೊಡುತ್ತಿದ್ದೆನಲ್ಲ ಎಂದೆ.

"ನೀವು ಕೊಟ್ರ ಹತ್ತೂದಿಲ್ರಿ. ಸ್ವಲ್ಪ ಒಳಗ ಹೋಗ್ರಲ್ಲ."

ನನ್ನ ಮನೆಯಲ್ಲಿ ಕಳವು ನಡೆಯುವಾಗ ನಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಾಯಿತು. ಒಳಗೆ ಹೆಂಡತಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಈ ಜನ ಖರೀದಿ ಬಳ್ಳಿಯನ್ನು ಕದ್ದು ಪುಣ್ಯ ಗಳಿಸುತ್ತಿದ್ದಾರೆ ಎಂದು ನಾನು ಸಿಡಿಮಿಡಿಗೊಂಡೆ. ಅವಳಿಗೆ ನಗೆ ತಡೆಯಲಾಗಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಕುಂಡ ತೋರಿಸಿದಳು. ಅದರೊಳಗೆ ಒಣಗಿ ದಾರವಾದ ಒಂದು ಬಳ್ಳಿ.

"ನೀವು ರೊಕ್ಕ ಕೊಟ್ಟದ್ದು ಇದು. ನೀರು ನಾನ ಹಾಕೇನಿ, ನಿಮ್ಮನ್ನ ಮುಟ್ಟಾಕ ಸೈತ ಬಿಟ್ಟಿಲ್ಲ. ಆದ್ರೂ ಹೋತು."

ಹಾಗಾದರೆ ಮುಂಬಾಗಿಲಲ್ಲಿರುವುದು?

ಮಾಸ್ತರರು ನನ್ನ ಸಂದರ್ಶನ ಮಾಡುತ್ತಿದ್ದಾಗ ಸೆರಗಿನಲ್ಲಿ ಬಂದದ್ದು. ಮನೆಗೆ ಬಂದ ರಾತ್ರಿಯೇ ಅವಳು ಎರಡನ್ನೂ ಅದಲುಬದಲು ಮಾಡಿದ್ದಳು.

ಮತ್ತೆ ಹುಕ್ಕೇರಿ

ಕದ್ದ ಬಳ್ಳಿಯ ಕೆಳಗೆ ನಿಂತು ನಾನು ಪ್ರಾಮಾಣಿಕತೆಯ ಭಾಷಣ ಮಾಡಿದ್ದೆ. ಊಟ ರುಚಿಸಲಿಲ್ಲ. ಮಾಸ್ತರರಿಗೆ ಬೆಲೆ ಕೊಟ್ಟು ತಪ್ಪು ಒಪ್ಪಿಕೊಂಡು ಬರೋಣ ಎಂದೆ. ಹೆಂಡತಿಯ ಮುಖ ಸಣ್ಣದಾಯಿತು. ರೊಕ್ಕ ಕೊಟ್ಟರೆ ಬಳ್ಳಿ ಒಣಗುತ್ತದೆ, ಅದು ಹೋದರೂ ಹೋಗಲಿ, ತನ್ನನ್ನು ಪಾಸು ಮಾಡಿದ ಮಾಸ್ತರರ ಮುಂದೆ ಕಳ್ಳಿಯಾಗಿ ನಿಲ್ಲುವುದು ಹೇಗೆ ಎಂದಳು. ಇಷ್ಟು ವರ್ಷದಲ್ಲಿ ಒಂದು ಕಡ್ಡಿ ಕೊತ್ತಂಬರಿ ಹೆಚ್ಚಿಗೆ ಕಾಣದವಳು. ಅವಳ ಮಾನ ತೆಗೆಯಲು ನನಗೂ ಮನಸ್ಸಾಗಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಬೆಲೆ ಕೊಡತಕ್ಕದ್ದು, ಆದರೆ ಮಾಸ್ತರರಿಗೆ ಗೊತ್ತಾಗಕೂಡದು.

ನರ್ಸರಿಯಲ್ಲಿ ಹೆಂಡತಿ ಗುಲಾಬಿಗೆ ಹುಳ ಬಿದ್ದ ಕಥೆ ತೆಗೆದು ಮಾಸ್ತರರನ್ನು ಮಾತಿಗೆ ಹಿಡಿದಳು. ನಾನು ಹಸಿರು ಬಲೆಯ ಕೆಳಗೆ ನುಸುಳಿದೆ. ಆ ಕಡೆ ಈ ಕಡೆ ನೋಡಿ, ಮಡಚಿದ ನೋಟನ್ನು ದೊಡ್ಡ ಮನಿಪ್ಲಾಂಟಿನ ಕುಂಡದ ಕೆಳಗೆ ತೂರಿಸಿದೆ. ಕೈ ಇನ್ನೂ ಬಳ್ಳಿಯ ನಡುವೆಯೇ ಇತ್ತು.

"ಸಾಹೇಬ್ರ, ಅಲ್ಲೇನು ಮಾಡಾಕತ್ತೀರಿ?"

ಈ ಪ್ರಶ್ನೆಯನ್ನು ನಾನು ತಕ್ಕಡಿಯ ಹಿಂದೆ ನಿಂತ ಎಷ್ಟೋ ಜನರಿಗೆ ಕೇಳಿದ್ದೇನೆ. ಬೆನ್ನ ಹಿಂದಿನಿಂದ ಹೇಗೆ ಕೇಳಿಸುತ್ತದೆ ಎಂದು ಅವತ್ತೇ ಗೊತ್ತಾದದ್ದು. ತಿರುಗಿದೆ. ಮಾಸ್ತರರು ನಿಂತಿದ್ದರು, ಅವರ ಹಿಂದೆ ಹೆಂಡತಿ, ಎರಡೂ ಕೈಯಿಂದ ಸೆರಗು ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತ. ರೊಕ್ಕ ಇಡುತ್ತಿದ್ದೇನೆ ಎಂದರೆ ಯಾತಕ್ಕೆ ಎನ್ನುತ್ತಾರೆ. ಯಾತಕ್ಕೆ ಎಂದು ಹೇಳಿದರೆ ಅವಳ ಮಾನ ಹೋಗುತ್ತದೆ.

"ಬಳ್ಳಿ ತುಡುಗು ಮಾಡಾಕತ್ತೇನ್ರಿ" ಎಂದೆ.

ಮಾಸ್ತರರು ಜೇಬಿನಿಂದ ಕತ್ತರಿ ತೆಗೆದು ನನ್ನ ಕೈಗಿಟ್ಟರು. ಆಮೇಲೆ ಬೆನ್ನು ತಿರುಗಿಸಿ, ಆಕಾಶ ನೋಡುತ್ತ ನಿಂತರು. ಬೇರೆ ದಾರಿ ಇರಲಿಲ್ಲ. ಒಂದು ತುಂಡು ಕತ್ತರಿಸಿಕೊಂಡೆ. ಶರತ್ತಿನ ಪ್ರಕಾರ, ನನ್ನ ಕೈಯಿಂದಲೇ. ಹೆಂಡತಿ ಹಿಡಿದಿದ್ದ ಸೆರಗನ್ನು ಕೈಬಿಟ್ಟಳು.

ಗೇಟಿನವರೆಗೆ ಕಳಿಸಲು ಬಂದ ಮಾಸ್ತರರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಇವತ್ತ ಪಾಸಾದ್ರಿ, ಸಾಹೇಬ್ರ. ಆದ್ರ ಸಿಕ್ಕೊಂಡು ಬಿದ್ದೀರಿ, ಅದಕ್ಕ ಥರ್ಡ್ ಕ್ಲಾಸ. ಅಕ್ಕಾರದು ಹೋದ ಸಲಾನ ಫಸ್ಟ್ ಕ್ಲಾಸ್ ಆಗೇತಿ."