ತಕೆಶಿಯ ಲೈಟರು, ಸುಲಭಕ್ಕನ ಆರತಿ

ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಾನು ಹೇಳಿದ್ದರಲ್ಲಿ ಅರ್ಧ ಕಳೆದು, ಉಳಿದದ್ದನ್ನು ಮತ್ತೆ ಅರ್ಧ ಮಾಡಿಯೇ ಕೇಳುವುದು ನಮ್ಮ ಕಾಲೇಜಿನ ಪದ್ಧತಿ. ಆದರೂ ಹೇಳುತ್ತೇನೆ: ಕಳೆದ ವರ್ಷ ಅಮದಳ್ಳಿಯ ನಮ್ಮ ಮಾಳಿಗೆಯ ಮೇಲೆ ಒಬ್ಬ ಜಪಾನೀ ಮನ್ಮಥ ಬಾಡಿಗೆಗಿದ್ದ.

ಹೆಸರು ತಕೆಶಿ. ನಲವತ್ತೈದರ ಆಸುಪಾಸು, ಕಡಲಗಾಳಿಗೂ ಅಲ್ಲಾಡದ ಕೂದಲು. ಅವನ ಊರಲ್ಲಿ ಅವನ ಕೆಲಸವೆಂದರೆ ಕ್ಲಬ್ಬಿನಲ್ಲಿ ಶ್ರೀಮಂತ ಹೆಂಗಸರನ್ನು ಹೊಗಳುವುದು, ಗ್ಲಾಸು ತುಂಬುವುದು, ಮೊಣಕಾಲೂರಿ ಬಂಗಾರದ ಲೈಟರಿನಿಂದ ಅವರ ಸಿಗರೇಟು ಹಚ್ಚುವುದು. ನಮ್ಮಲ್ಲಿ ಒದೆ ಸಿಗುವ ಈ ಕೆಲಸಕ್ಕೆ ಅಲ್ಲಿ ಸಂಬಳ! ಹಾಗೆ ಗಳಿಸಿ, ಸ್ವಂತ ಕ್ಲಬ್ಬು ತೆರೆದು, ಅದನ್ನು ಮುಳುಗಿಸಿ, ಗೋಕರ್ಣದ ಕಡೆಯಿಂದ ತೇಲಿಬಂದಿದ್ದ. ಉಳಿದದ್ದು ಲೈಟರೊಂದೇ.

ಅವನ ಕಣ್ಣು ಬಿದ್ದದ್ದು ಅಂಕೋಲೆ ಬಸ್ ಸ್ಟ್ಯಾಂಡಿನ ಹತ್ತಿರ ಮೀನೂಟದ ಹೋಟೆಲು ನಡೆಸುವ ಸುಲಭಕ್ಕನ ಮೇಲೆ. ಗಂಡನಿಲ್ಲ, ಅಣ್ಣತಮ್ಮಂದಿರಿಲ್ಲ, ದುಡ್ಡೆಣಿಸುವ ಗಲ್ಲೆಯಲ್ಲಿ ಕೂರಿಸಲು ನಂಬಿಕೆಯ ಜನವೂ ಇಲ್ಲ. ಅವಳು ಒಲಿದರೆ ಮುಳುಗಿದ ಬದುಕು ಮತ್ತೆ ದಡ ಸೇರುತ್ತದೆಂದು ತಕೆಶಿಯ ಆಸೆ. ನಾನು ದುಭಾಷಿ. ಅದಕ್ಕೆ ಪ್ರತಿಯಾಗಿ ಅವನು ನನಗೆ ಹುಡುಗಿಯರ ಮನ ಗೆಲ್ಲುವ ವಿದ್ಯೆ ಕಲಿಸಬೇಕು. ಸುಲಭಕ್ಕನ ಜೊತೆಗಿರುವ ಅವಳ ತಂಗಿಯ ಮಗಳು ವಿನಯಾ ನನ್ನದೇ ಕ್ಲಾಸು; ಅವಳಿಗೊಂದು ಮಿಸ್ಡ್ ಕಾಲ್ ಕೊಡಲೂ ನನಗೆ ಧೈರ್ಯವಿರಲಿಲ್ಲ.

"ಮೇಡಮ್ ಕಣ್ಣಲ್ಲಿ ಸಮುದ್ರ ಇದೆ ಅಂತ ಹೇಳು" ಎನ್ನುವನು ತಕೆಶಿ, ಮುರುಕು ಇಂಗ್ಲಿಷಿನಲ್ಲಿ.

"ಏನ್ ಹೇಳ್ತಾ ಇವಾ?" ಎನ್ನುವಳು ಸುಲಭಕ್ಕ.

"ಬಂಗಡೆ ಸಾರು ಚೊಲೋ ಆಗದೆ ಅಂತೆ, ಅಕ್ಕಾ."

"ಪಾಪ! ಹಾಕ್ರೋ ಇನ್ನೊಂದ್ ತುಂಡು."

ಹೀಗೆ ಪ್ರೇಮ ಬೆಳೆಯಲಿಲ್ಲ, ತಕೆಶಿಯ ಹೊಟ್ಟೆ ಬೆಳೆಯಿತು.

ದೀಪಾವಳಿ ಬಂತು. "ಭಾವಬೀಜದ ದಿವ್ಸ ಮನೆಗೇ ಊಟಕ್ಕೆ ಬರ್ಲಿ ಅಂತ ಹೇಳೋ" ಎಂದಳು ಸುಲಭಕ್ಕ. ಅದು ಹೆಂಗಸರು ಅಣ್ಣತಮ್ಮಂದಿರಿಗೆ ಆರತಿ ಬೆಳಗುವ ಹಬ್ಬವೆಂದು ನಾನು ತಕೆಶಿಗೆ ಹೇಳಬೇಕಿತ್ತು. ಹೇಳಲಿಲ್ಲ. ವಿನಯಾಳ ಮನೆಯ ಹೊಸ್ತಿಲು ದಾಟಲು ನನಗೆ ಬೇರೆ ದಾರಿ ಎಲ್ಲಿತ್ತು? "ಮನೆಗೇ ಕರೆದಿದ್ದಾಳೆ" ಎಂದಷ್ಟೇ ಅನುವಾದಿಸಿದೆ. ಅವನು ಕೋಟು ತೊಟ್ಟು ಅರ್ಧ ಬಾಟಲಿ ಸೆಂಟು ಸುರಿದುಕೊಂಡ. ನನ್ನ ತಲೆಗೂ ಜೆಲ್ ಬಳಿದು, ಕಿಸೆಗೆ ತನ್ನ ಬಾಚಣಿಗೆ ತುರುಕಿದ. ಟ್ಯೂಷನ್ ಇದೆ ಎಂದು ಹೆತ್ತ ಆಯಿಗೇ ಸುಳ್ಳು ಹೇಳಿ ಬಸ್ಸು ಹತ್ತಿದೆ.

ಸುಲಭಕ್ಕ ಮಣೆಯ ಮೇಲೆ ಕೂರಿಸಿ ಕುಂಕುಮ ಇಡುವಾಗ ತಕೆಶಿ ನನಗೆ ಕಣ್ಣು ಹೊಡೆದ. ಅಷ್ಟರಲ್ಲಿ ಗಾಳಿಗೆ ಆರತಿ ಆರಿತು. ಅವನು ಅಭ್ಯಾಸಬಲದಿಂದ ಥಟ್ಟನೆ ಮೊಣಕಾಲೂರಿ ಲೈಟರಿನಿಂದ ಹಚ್ಚಿದ. ಸುಲಭಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಅಣ್ಣ ಇಲ್ಲ ಅಂತ ಇಷ್ಟ್ ವರ್ಷ ಈ ದಿವ್ಸ ಬಾಗ್ಲು ಹಾಕ್ಕೊಂಡೇ ಕೂತಿದ್ದೆ ಮಾರಾಯಾ. ಇವತ್ತಿಂದ ಇವ್ರೇ ನನ್ನಣ್ಣ ಅಂತ ಹೇಳು."

ಇದನ್ನು ಮಾತ್ರ ಬಂಗಡೆ ಮಾಡಲು ಬಾಯಿ ಬರಲಿಲ್ಲ. ಇದ್ದದ್ದನ್ನೇ ಹೇಳಿದೆ. ತಕೆಶಿಯ ಮುಖ ಇಳಿಯಿತು. ಆಮೇಲೆ, ಹರಿವಾಣಕ್ಕೆ ಅಣ್ಣ ಏನಾದರೂ ಹಾಕಬೇಕೇ ಎಂದು ನನ್ನನ್ನು ಕೇಳಿ, ಆ ಲೈಟರನ್ನೇ ಇಟ್ಟುಬಿಟ್ಟ.

"ನಾಳಿಂದ ಗಲ್ಲೆ ಅಣ್ಣಂದೇ" ಎಂದಳು ಸುಲಭಕ್ಕ.

ಗುರುವಿನ ಕೆಲಸವಾಯಿತು, ಇನ್ನು ಶಿಷ್ಯನದು ಎಂದುಕೊಂಡು ವಿನಯಾಳತ್ತ ಹುಬ್ಬು ಏರಿಸಿ "ನಿನ್ನ ಕಣ್ಣಲ್ಲಿ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ಆಯಿ! ಅವಳಿಗೂ ಅಂಕೋಲೆಯಲ್ಲಿ ಒಬ್ಬ ಅಣ್ಣನಿದ್ದಾನೆ, ಭಾವಬೀಜ ಅವಳಿಗೂ ಇದೆ ಎಂಬುದು ನನ್ನಂಥ ಬುದ್ಧಿವಂತನಿಗೆ ಹೊಳೆದಿರಲೇ ಇಲ್ಲ. ಇದೇ ಓಣಿಯಲ್ಲಿ ಅಣ್ಣನ ಮನೆಗೆ ಹೊರಟವಳು ಸುಲಭಕ್ಕನ ಮೆಟ್ಟಿಲ ಮೇಲೆ ನನ್ನ ಚಪ್ಪಲಿಯ ಗುರುತು ಹಿಡಿದಿದ್ದಳು.

"ಇದೇನಾ ನಿನ್ನ ಟ್ಯೂಷನ್?" ನನ್ನ ಜೆಲ್ಲನ್ನೊಮ್ಮೆ, ವಿನಯಾಳನ್ನೊಮ್ಮೆ ನೋಡಿದಳು. ಆಯಿಗೆ ದುಭಾಷಿ ಬೇಕಿಲ್ಲ. "ಹೆಂಗೂ ಬಂದಾನೆ. ವಿನಯಾ, ಇವ್ನಿಗೂ ಒಂದ್ ಆರತಿ ಬೆಳಗಿ ಬಿಡೇ."

ತಕೆಶಿ ಎದ್ದ ಮಣೆ ಇನ್ನೂ ಬೆಚ್ಚಗಿತ್ತು. ಕಿಸೆಯಲ್ಲಿದ್ದದ್ದು ಅವನ ಬಾಚಣಿಗೆ ಒಂದೇ, ಹರಿವಾಣಕ್ಕೆ ಹಾಕಿದೆ.

"ಚೊಲೋ ಅದೆ, ಅಣ್ಣಾ" ಎಂದಳು ವಿನಯಾ.