ಕಾಕಾನ ಉಸಿರಿಗೆ ನನ್ನ ಸೀಟಿ

ಬಾಸ್ಕೆಟ್‌ಬಾಲ್ ರೆಫ್ರಿ ಆದವಗ ಬೈಗಳ ತಪ್ಪಂಗಿಲ್ಲ ಬಿಡ್ರಿ. ಸೀಟಿ ಊದಿದ್ರ ಈ ಕಡೆಯವರು ಬೈತಾರ, ಊದಲಿಲ್ಲಂದ್ರ ಆ ಕಡೆಯವರು. ಆದ್ರ ಹೋದ ವರ್ಷ ನಾ ತಿಂದ ಬೈಗಳೆಲ್ಲಾ ಬೇಕಂತನ ತಿಂದದ್ದು.

ನನ್ನ ಜೋಡಿ ರೆಫ್ರಿ ಅಂದ್ರ ಕಾಕಾ. ಹಳೇ ಹುಬ್ಬಳ್ಳಿಯವರು, ರಿಟೈರ್ ಆದ ಪಿ.ಟಿ. ಮಾಸ್ತರು. ನನಗ ಸೀಟಿ ಹಿಡಿಯೋದು ಕಲಿಸಿದವರು. "ಲೇಸ್ ಬಿಚ್ಚಿತು, ಅಂಗಿ ಹೊರಗ ಬಂತು ಅಂತ ಆಟ ನಿಲ್ಲಸಬ್ಯಾಡ. ಬಾಲ್ ತಾನ ನಿಲ್ಲೂತನಕ ತಡಿ. ಯಾರಿಗರ ಪೆಟ್ಟಾಗೂ ಹಂಗಿದ್ರಷ್ಟ ಊದು." ಇದು ಅವರ ಮೊದಲನೇ ಪಾಠ.

ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮ್ಯಾಲ ಅವರಿಗೆ ಉಳಿದದ್ದು ಕೋರ್ಟ್ ಒಂದ. ಹೋದ ವರ್ಷ ಹಾರ್ಟಿನ ತ್ರಾಸ ಸುರು ಆತು. ನಾಕು ಸಲ ಆ ಕಡೆ ಈ ಕಡೆ ಓಡಿದ್ರ ಉಸಿರು ಸಾಲದ ತೇಕು ಹತ್ತತಿತ್ತು. ಸಂಘಟಕರ ಕಣ್ಣಿಗೆ ಬಿದ್ರ ಸೀಟಿ ಬಿಡಸತಿದ್ರು. "ಮನ್ಯಾಗ ಕೂತ್ರ ನಾ ಲಗೂ ಹೋಗತೇನೋ" ಕಾಕಾ ಅಂದಿದ್ರು. ಹಂಗಾಗಿ ಅವರು ತೇಕಿದಾಗೆಲ್ಲಾ ನಾ ಏನರ ನೆಪ ಹುಡುಕಿ ಆಟ ನಿಲ್ಲಸಾಕತ್ತೆ. ಅವರಿಗೆ ಛಲೋ ಮಾಡಾಕತ್ತೇನೋ ಕೆಟ್ಟದ್ದೋ, ದೇವರಾಣಿ ಗೊತ್ತಿರಲಿಲ್ಲ.

೧. ಅಂಗಿ

ಬೆಂಗೇರಿಯೊಳಗ ಹುಡುಗರ ಮ್ಯಾಚ್. ಒಬ್ಬ ಬಾಲ್ ಕಸಗೊಂಡು ರಿಂಗಿನ ಕಡೆ ಹೊಂಟಾನ, ಎದುರಿಗೆ ಒಂದು ನರಪಿಳ್ಳಿ ಇಲ್ಲ. ಅಷ್ಟರಾಗ ಕಾಕಾ ಮೊಣಕಾಲ ಮ್ಯಾಲ ಕೈ ಊರಿದ್ದು ಕಾಣ್ತು. ಊದಿದೆ.

"ಯಾಕ್ರಿ ಸರ್?"

"ಅಂಗಿ ಹೊರಗ ಬಂದೈತಿ. ಒಳಗ ತುರುಕು."

"ಒಳಗ ಐತಲ್ರಿ ಸರ್!"

"ಹಂಗಾರ ಹೊರಗ ತಗದು ಮತ್ತ ತುರುಕು."

ಅವರ ಕೋಚ್ ಓಡಿ ಬಂದು ನನ್ನ ಏಳು ತಲಿಮಾರಿನವರನ್ನೂ ಎಬ್ಬಿಸಿ ಬೈದ. ಎರಡು ನಿಮಿಷ ಬೈದ, ಪುಣ್ಯಾತ್ಮ. ಕಾಕಾಗ ಅಷ್ಟು ಸಾಕಾತು.

೨. ನೆಟ್

ಧಾರವಾಡದಾಗ ಹುಡುಗ್ಯಾರ ಮ್ಯಾಚ್. ನೆಟ್ ಮಡಚಿ ರಿಂಗಿಗೆ ಸಿಕ್ಕೊಂಡಿತ್ತು. ಖರೇ ಅಂದ್ರ ಅದನ್ನ ಬಾಲ್ ನಿಂತಾಗ ಬಿಡಸಬೇಕು. ನಾ ಬಾಲ್ ಓಡಾಕತ್ತಾಗನ ಊದಿದೆ. ಎತ್ತರದ ಹುಡುಗಿ ಒಬ್ಬಾಕಿ ಜಿಗದು ಒಂದ ಏಟಿಗೆ ಬಿಡಸಿಬಿಟ್ಲು! ಕಾಕಾ ಇನ್ನೂ ತೇಕಾಕತ್ತಿದ್ರು.

"ತಡಿಯವ್ವಾ, ಸರಿ ಆಗಿಲ್ಲ" ಅಂತ ಕಸಬರಗಿ ತರಿಸಿ, ಕುರ್ಚಿ ಹತ್ತಿ, ಚಂದಾಗಿ ಇಳಿಬಿದ್ದ ನೆಟ್ ಮತ್ತ ಸಿಕ್ಕಿಸಿದೆ.

"ಸರ್, ಇಳೀರಿ. ನೀವು ಕೆಳಗಿದ್ರನ ನಮಗ ಛಲೋ" ಅಂದ್ಲು.

ಕಾಕಾ ಎದಿ ಹಿಡ್ಕೊಂಡು ನಕ್ಕರು. ನಗಿಗೆ ಹಿಡ್ಕೊಂಡ್ರೋ ನೋವಿಗೋ, ಕೇಳಾಕ ನನಗ ಧೈರ್ಯ ಆಗಲಿಲ್ಲ.

೩. ತಕರಾರು

ಕೋಚ್‌ಗಳೆಲ್ಲಾ ಕೂಡಿ ಕಾಕಾನ ಕಡೆನ ತಕರಾರು ಒಯ್ದ್ರು. ಕಾಕಾ ನನ್ನನ್ನ ಚಾದಂಗಡಿಗೆ ಕರದು ಝಾಡಿಸಿದ್ರು: "ನಾ ಕಲಿಸಿದ್ದು ಇದನೇನೋ? ಸಣ್ಣ ಸಣ್ಣದಕ್ಕ ಊದತಿ, ನಾಚಿಕಿ ಬರಂಗಿಲ್ಲ?" ಇಷ್ಟು ಬೈಯೂದ್ರಾಗ ಮೂರು ಸಲ ನಿಂತು ಉಸಿರು ತಗೊಂಡ್ರು. "ತಪ್ಪಾತ್ರಿ ಕಾಕಾ. ಆರಾಮ ಬೈರಿ, ಗಡಿಬಿಡಿ ಏನಿಲ್ಲ" ಅಂದೆ.

೪. ಲೇಸ್

ಫೈನಲ್. ಒಂದ ಪಾಯಿಂಟಿನ ಅಂತರ, ಕಡೀ ನಿಮಿಷ, ಬಾಲ್ ಓಡಾಕತ್ತೈತಿ. ಸೀಟಿ ಕೇಳ್ತು. ಊದಿದವರು ಕಾಕಾ!

"ರೆಫ್ರಿ ಲೇಸ್ ಬಿಚ್ಚೈತಿ" ಅಂತ ನನ್ನ ಕಾಲಿಗೆ ಬಟ್ಟು ತೋರಿಸಿದ್ರು. ಮಂದಿ ಹೋ ಅಂತ ನಕ್ಕರು. ನೋಡಿದ್ರ ಲೇಸ್ ಗಟ್ಟಿ ಐತಿ.

ಕಾಕಾ ಬಂದು ನನ್ನ ಹೆಗಲ ಮ್ಯಾಲ ಕೈ ಇಟ್ರು. ಪೂರಾ ಭಾರ ಹಾಕಿದ್ರು. "ನೀ ಮಾಡೂದೆಲ್ಲಾ ನನಗ ಗೊತ್ತೈತೋ ತಮ್ಮಾ. ಇನ್ನ ಆಗಂಗಿಲ್ಲ. ನಮ್ಮ ಅಳಿಯಾಗ ಹೇಳಿದ್ದೆ, ಗೇಟಿನ್ಯಾಗ ಗಾಡಿ ತಂದು ನಿಂತಾನ. ನಾ ಹೋಗೂದನ್ನ ಯಾರೂ ನೋಡಬಾರದು. ನೀ ಲೇಸ್ ಕಟ್ಟು."

ಕೋರ್ಟಿನ ನಟ್ಟನಡುವ ಕುಂಡಿ ಊರಿ ಕೂತೆ. ಗಟ್ಟಿ ಇದ್ದ ಲೇಸ್ ಬಿಚ್ಚಿದೆ, ಕಟ್ಟಿದೆ, ಮತ್ತ ಬಿಚ್ಚಿದೆ. ಎಲ್ಲಾರ ಕಣ್ಣು ನನ್ನ ಮ್ಯಾಲ, ಎಲ್ಲಾರ ನಗಿ ನನ್ನ ಮ್ಯಾಲ. ಕಾಕಾ ಒಂದೊಂದ ಹೆಜ್ಜಿ ಇಡಕೋತ ಹೊಂಟಿದ್ರು. ಗೇಟು ಇನ್ನೂ ದೂರ ಇತ್ತು. ಕಣ್ಣಾಗ ನೀರು ತುಂಬಿ ನನಗ ಲೇಸ್ ಕಾಣವಲ್ತು.

ಆಟಗಾರನೊಬ್ಬ ಬಗ್ಗಿ ನೋಡಿದ. "ಅಳಬ್ಯಾಡ್ರಿ ಸರ್. ನಮ್ಮ ತಂಗಿಗೂ ಮೊದಲ ಬರತಿದ್ದಿಲ್ಲ. ಯುಕೆಜಿಗೆ ಬಂದಮ್ಯಾಲ ಕಲತ್ಲು."