ಬಿ.ಎಸ್ಸಿ.ಗೆ ಬಿದ್ದ ಹೂವು

1960ರ ಜೂನ್ ಹದಿಮೂರು, ಸೋಮವಾರ. ಹಾಸನದಲ್ಲಿ ಬೆಳಗಿನಿಂದ ಮೋಡ. ಮಳೆಯಿಲ್ಲ, ತಣ್ಣನೆ ಗಾಳಿ. ನನಗೇನು ಬೇಕೆಂಬುದನ್ನು ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸಲು ತೊಡಗಿದ್ದು ಅಂದು. ಅದು ಇನ್ನೂ ನಿಂತಿಲ್ಲ. ಮೊನ್ನೆ ಕನ್ನಡಕದ ಅಂಗಡಿಯಲ್ಲಿ ನನ್ನ ಮೂಗಿಗೆ ಯಾವ ಫ್ರೇಮು ಒಪ್ಪುತ್ತದೆಂದು ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರು ಹೇಳಿದರು. ಅಂಗಡಿಯವನು ಅದನ್ನೇ ಕಟ್ಟಿಕೊಟ್ಟ.

ಆಗ ಪಿ.ಯು.ಸಿ. ಪಾಸಾಗಿತ್ತು. ನನಗೆ ಇತಿಹಾಸ ಇಷ್ಟ, ಕನ್ನಡ ಇಷ್ಟ, ಸಸ್ಯಶಾಸ್ತ್ರವೂ ಇಷ್ಟ. ಇದೊಂದು ರೋಗವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಔಷಧಿ ಮಾತ್ರ ಎಲ್ಲರೂ ಕೊಟ್ಟರು.

ಕಾಲೇಜಿನ ಕಿಟಕಿ

ಆಫೀಸಿನ ಕಿಟಕಿಯೊಳಗೆ ಗುಮಾಸ್ತರು ಕೂತಿದ್ದರು. ‘ಯಾವ ಕಾಂಬಿನೇಷನ್?’ ಎಂದರು, ತಲೆ ಎತ್ತದೆ.

‘ಇತಿಹಾಸ, ಕನ್ನಡ, ಬಾಟನಿ ಸಾರ್.’

ಈಗ ತಲೆ ಎತ್ತಿದರು. ‘ಇದೇನು ಹೋಟ್ಲೇನಯ್ಯ, ಬೇಕುಬೇಕಾದ್ದೆಲ್ಲ ಒಂದೇ ತಟ್ಟೇಲಿ ಹಾಕಿಕೊಡೋಕೆ? ಬಿ.ಎ. ಅಂದ್ರೆ ಬಿ.ಎ., ಬಿ.ಎಸ್ಸಿ. ಅಂದ್ರೆ ಬಿ.ಎಸ್ಸಿ.’

‘ಹೋಟ್ಲಲ್ಲಿ ಕೊಡ್ತಾರಲ್ಲ ಸಾರ್?’

‘ಹಂಗಾದ್ರೆ ಅಲ್ಲೇ ಸೇರಿಕೋ. ಇಲ್ಲಾಂದ್ರೆ ಶನಿವಾರದೊಳಗೆ ಒಂದು ತೀರ್ಮಾನ ಮಾಡ್ಕೊಂಡು ಬಾ.’

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸಿಟ್ಟಿಗೆ ಸೀದಾ ಹೋಟೆಲಿಗೇ ಹೋಗಿ ಇಡ್ಲಿ, ವಡೆ, ದೋಸೆ ಮೂರನ್ನೂ ಒಂದೇ ತಟ್ಟೆಯಲ್ಲಿ ತರಲು ಹೇಳಿದೆ.

‘ಉಪ್ಪಿಟ್ಟು ಮಾತ್ರ ಐತೆ,’ ಎಂದ ಮಾಣಿ.

ಆಲೂಗೆಡ್ಡೆ ಹೊಲ

ನಮ್ಮೂರು ಹೊಳೆನರಸೀಪುರಕ್ಕೆ ಬಂದು ತಂದೆಗೆ ಹೇಳಿದೆ. ಅವರು ಆಸ್ಪತ್ರೆಯಲ್ಲಿ ಕಾಂಪೌಂಡರು. ಕೊಡೆ ಕೊಳ್ಳಬೇಕಾದರೂ ಮೂವರನ್ನು ಕೇಳುವ ಮನುಷ್ಯ. ‘ನಿಮ್ಮ ಮಾವನ್ನ ಒಂದು ಮಾತು ಕೇಳ್ಕೊಂಡು ಬಾ,’ ಎಂದು ಅರಕಲಗೂಡಿಗೆ ಅಟ್ಟಿದರು.

ನನ್ನ ಸೋದರಮಾವ ಹೊಲದಲ್ಲೇ ಸಿಕ್ಕರು. ‘ಇತಿಹಾಸ ಅಂದ್ರೆ ಸತ್ತೋರ ಇಚಾರ. ಸತ್ತೋರು ಸಂಬ್ಳ ಕೊಡಾಕಿಲ್ಲ ಕಣ್ಲಾ.’

‘ಬಾಟನಿ ಮಾವ?’

‘ಅದೇನ್ಲಾ?’

‘ಗಿಡಗಳ ವಿಚಾರ.’

‘ಅದ್ಕ್ಯಾಕ್ಲಾ ಕಾಲೇಜು? ಬಾ, ಬಿಟ್ಟಿ ಕಲಿಸ್ತೀನಿ.’

ಆಲೂಗೆಡ್ಡೆ ಸಾಲಿನಲ್ಲಿ ಕಳೆ ಕೀಳಲು ಕೂರಿಸಿದರು. ಬೆನ್ನು ಬಿದ್ದುಹೋಯಿತು. ಸುಧಾರಿಸಿಕೊಳ್ಳೋಣವೆಂದು ಒಂದು ಕಳೆಗಿಡವನ್ನು ನೋಡುತ್ತ ಕೂತೆ.

‘ಏನ್ಲಾ ನೋಡ್ತಾ ಕುಂತೆ?’

‘ಇದರ ಎಲೆ ನೋಡಿ ಮಾವ, ಎಷ್ಟು ಚೆನ್ನಾಗಿ ಜೋಡಿಸಿಕೊಂಡಿದೆ.’

‘ಬೇರು ಇನ್ನೂ ಸಂದಾಗೈತೆ. ಕಿತ್ತು ನೋಡು.’

ಹೂ ಕೇಳಿದ್ದು

ಒಂದನ್ನೇ ಆರಿಸಬೇಕೆಂದರೆ ಇತಿಹಾಸವೇ ಇರಲಿ ಎಂದು ಮನೆಗೆ ಬಂದು ಹೇಳಿದೆ. ಪಾಳುಬಿದ್ದ ಗುಡಿಯ ಕಲ್ಲಿನ ಮೇಲಿನ ಅಕ್ಷರ ಓದುತ್ತ ನಿಂತರೆ ನನಗೆ ಊಟ ಮರೆತುಹೋಗುತ್ತಿತ್ತು. ತಂದೆ ನನ್ನ ಮುಖ ನೋಡಿ, ‘ಆಗಲಿ, ಬಿ.ಎ.ಗೇ ಸೇರು,’ ಎಂದರು. ಅಷ್ಟಕ್ಕೇ ಮುಗಿಯಬೇಕಿತ್ತು. ಮಾರನೆಯ ಬೆಳಿಗ್ಗೆ ಬಾಗೂರಿನ ಕಡೆಯಿಂದ ದೊಡ್ಡಪ್ಪ ಬಂದರು.

‘ಬಿ.ಎ.ನಾ? ನಮ್ಮುಡ್ಗ ಬಿ.ಎಸ್ಸಿ. ಓದಿ ಇಂಜಿನಿಯರ್ ಆಯ್ತಾನೆ ಅಂತ ಹಿರೀಸಾವೆ ಓಟ್ಲಲ್ಲಿ ಎಲ್ರಿಗೂ ಯೋಳ್ಬುಟ್ಟಿದ್ದೀನಲ್ಲಾ!’

‘ಯಾರನ್ನ ಕೇಳಿ ಹೇಳಿದ್ರಿ?’

‘ನನ್ನ ಬಾಯಿ. ಯಾರ್ನ ಕೇಳ್ಬೇಕ್ಲಾ?’

ತಂದೆ ಅಣ್ಣನ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಕೊನೆಗೆ ದೊಡ್ಡಪ್ಪನೇ, ‘ಅಮ್ಮನ್ನೇ ಕೇಳ್ಬುಡಾನ,’ ಎಂದರು. ಮನುಷ್ಯರಿಂದ ತೀರ್ಮಾನವಾಗದ್ದನ್ನು ನಮ್ಮ ಕಡೆ ದೇವಿಯ ಮುಂದೆ ಇಡುತ್ತಾರೆ. ಪೂಜಾರಿ ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾನೆ. ಯಾವುದು ಮೊದಲು ಬೀಳುತ್ತದೋ ಅದೇ ಅಪ್ಪಣೆ. ಬಲದ್ದು ಬಿ.ಎಸ್ಸಿ., ಎಡದ್ದು ಬಿ.ಎ. ಎಂದಾಯಿತು.

ದೊಡ್ಡಪ್ಪನ ಊರಿನ ಗುಡಿಯಲ್ಲಿ ಕೈಮುಗಿದು ನಿಂತೆವು. ಪೂಜಾರಿ, ‘ತಾಯಿ, ದೊಡ್ಡ ಓದಾದ್ರೆ ಬಲಕ್ಕೆ ಕೊಡು, ಇನ್ನೊಂದಾದ್ರೆ ಎಡಕ್ಕೆ ಕೊಡು,’ ಎಂದ. ನನ್ನ ಇತಿಹಾಸ ಆಗಲೇ ‘ಇನ್ನೊಂದು’ ಆಗಿತ್ತು. ಮೈಯೆಲ್ಲ ಉರಿಯಿತು.

‘ಎರಡೂ ಒಟ್ಟಿಗೆ ಬಿದ್ದರೆ?’ ಎಂದೆ.

‘ಒಲ ಉಳ್ತೀಯ,’ ಎಂದರು ದೊಡ್ಡಪ್ಪ.

ಬಲಗಡೆಯ ಹೂ ಬಿತ್ತು. ದೇವಿಯ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ; ತಂದೆಯ ಮೇಲೆ ಮಾಡಿಕೊಂಡೆ. ‘ನಂದೇನಿದೆಯೋ ಇದರಲ್ಲಿ?’ ಎಂದು ಅವರು ಗರ್ಭಗುಡಿಯ ಕಡೆ ಕೈ ತೋರಿಸಿದರು.

ಚನ್ನರಾಯಪಟ್ಟಣದ ಕಾಫಿ

ಮೂರು ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಗುರುತ್ವಾಕರ್ಷಣೆಯ ಪಾಠ ಬಂದಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ. ಇಂಜಿನಿಯರ್ ಆಗಲಿಲ್ಲ. ಜಮೀನಿನ ಕ್ರಯಪತ್ರ ನಕಲು ಮಾಡುವ ಕಚೇರಿಯಲ್ಲಿ ಗುಮಾಸ್ತನಾದೆ.

1968ರಲ್ಲಿ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದೊಡ್ಡಪ್ಪ ಸಿಕ್ಕರು. ಮೊಮ್ಮಗನನ್ನು ಕಾಲೇಜಿಗೆ ಸೇರಿಸುವ ಓಡಾಟದಲ್ಲಿದ್ದರು.

‘ಅವನಿಗೂ ಹೂ ಕೇಳಿಸಿದ್ರಾ?’ ಎಂದೆ.

‘ಆ ಪೂಜಾರಿ ತೀರ್ಕಂಡ ಕಣಪ್ಪ. ಈಗಿನೋನು ಯೋಳ್ದಂಗೆ ಕೇಳಾಕಿಲ್ಲ.’

‘ಯಾರು ಹೇಳಿದಂಗೆ?’

ದೊಡ್ಡಪ್ಪ ಸಾಸರಿಗೆ ಕಾಫಿ ಬಗ್ಗಿಸಿಕೊಂಡು ನಕ್ಕರು. ‘ಹೂವ ತಾನಾಗೇ ಬೀಳ್ತದೇನ್ಲಾ? ಎಡಗಡೇದಕ್ಕೆ ಒಸಿ ಬೆಲ್ಲದ ಪಾಕ ಅಚ್ಚಿಸಿದ್ದೆ.’

ನಾನು ಸಾಮಾನ್ಯವಾಗಿ ದನಿ ಎತ್ತುವವನಲ್ಲ. ಅಂದು ಲೋಟ ಕುಕ್ಕಿದ ರಭಸಕ್ಕೆ ಪಕ್ಕದವರ ದೋಸೆಗೆ ಕಾಫಿ ಹಾರಿತು.

‘ನನ್ನ ಓದು ದೊಡ್ಡಪ್ಪ ಅದು! ಏನು ಕೊಟ್ರಿ ಆ ಪೂಜಾರಿಗೆ?’

‘ಯಾಕ್ಲಾ ಅಂಗೆ ಕೂಗ್ತೀಯ? ಜನ ನೋಡ್ತಾವ್ರೆ.’

‘ನೋಡ್ಲಿ! ಎಷ್ಟು ದುಡ್ಡು ಕೊಟ್ರಿ?’

‘ದುಡ್ಡಾ? ದೇವ್ರ ಕೆಲ್ಸಕ್ಕೆ ದುಡ್ಡು ಕೊಡಬಾರ್ದು ಕಣ್ಲಾ, ಪಾಪ.’

‘ಮತ್ತೇನು, ರಾಗೀನಾ?’

‘ಒಂದು ಕುಂಬಳಕಾಯಿ ಕೊಡ್ತೀನಿ ಅಂದಿದ್ದೆ. ಸಂತೇಲಿ ಒಳ್ಳೆ ರೇಟ್ ಬಂತು, ಮಾರ್ಬುಟ್ಟೆ.’

‘ಕೊನೆಗೆ ಕೊಟ್ಟಿದ್ದೇನು? ಅದನ್ನ ಹೇಳಿ.’

ದೊಡ್ಡಪ್ಪ ಸಾಸರು ಕೆಳಗಿಟ್ಟರು. ಸುಳ್ಳು ಹೇಳಬಾರದೆಂದು ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡರು.

‘ಒಂದು ಕಟ್ಟು ಕೊತ್ತಂಬ್ರಿ ಸೊಪ್ಪು,’ ಎಂದರು. ‘ಅದೂ ಒಸಿ ಬಾಡೋಗಿತ್ತು.’